ಕಾಗೆ ಸತ್ತರೆ ಯಾರಿಗೆ ಹೇಳಬೇಕು?

ವೈದ್ಯರು, ಪಶುವೈದ್ಯರು, ಅರಣ್ಯ ಸಿಬ್ಬಂದಿ, ವಿದ್ಯಾರ್ಥಿಗಳು ಎಲ್ಲರೂ ಬೆರೆತಿದ್ದ ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಪರದೆಯ ಮೇಲೆ ಚಿತ್ರ ತೋರಿಸಿ ಮುಂದೆ ಹೋದ ಕಡೆ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕಾಗೆಯಿಂದಲೇ ಶುರು ಮಾಡುತ್ತೇನೆ.

1999ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕಾಗೆಗಳು ಸಾಯತೊಡಗಿದವು. ಒಂದೆರಡಲ್ಲ, ರಾಶಿ ರಾಶಿ. ಕಾಗೆ ಸತ್ತರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ? ಎತ್ತಿ ಆಚೆ ಹಾಕುತ್ತೇವೆ, ಕೈ ತೊಳೆದುಕೊಳ್ಳುತ್ತೇವೆ, ಮುಗೀತು.

ಆಗಸ್ಟ್ ತಿಂಗಳ ಕೊನೆಗೆ ಅದೇ ಕ್ವೀನ್ಸ್‌ನ ಒಂದು ಆಸ್ಪತ್ರೆಗೆ ವಯಸ್ಸಾದ ಕೆಲವು ರೋಗಿಗಳು ಬಂದರು. ಜ್ವರ, ಗಲಿಬಿಲಿ, ಮಿದುಳು ಜ್ವರದ ಲಕ್ಷಣಗಳು. ಜೊತೆಗೆ ಕೈಕಾಲಿನ ಶಕ್ತಿಯೇ ಹೋಗಿತ್ತು. ಅಲ್ಲಿನ ಸೋಂಕುರೋಗ ತಜ್ಞೆ ಡೆಬೊರಾ ಆಸ್ನಿಸ್ ಅವರಿಗೆ ಇದು ಮಾಮೂಲಿ ಅನ್ನಿಸಲಿಲ್ಲ. ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಸ್ಯಾಂಪಲ್‌ಗಳು ಹೋದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಇದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದಿತು. ಸೊಳ್ಳೆಯಿಂದ ಹರಡುವ, ಆ ದೇಶಕ್ಕೆ ಮೊದಲೇ ಪರಿಚಯವಿದ್ದ ಮಿದುಳು ಜ್ವರ. ಸೊಳ್ಳೆಗೆ ಮದ್ದು ಹೊಡೆಯುವ ಕೆಲಸ ಶುರುವಾಯಿತು.

ಅದೇ ಹೊತ್ತಿಗೆ ಬ್ರಾಂಕ್ಸ್ ಮೃಗಾಲಯದಲ್ಲಿ ಟ್ರೇಸಿ ಮೆಕ್‌ನಮಾರಾ ಎಂಬ ಪಶುವೈದ್ಯೆ ಸತ್ತ ಹಕ್ಕಿಗಳನ್ನು ಕೊಯ್ದು ನೋಡುತ್ತಿದ್ದರು. ಅವರು ಅಲ್ಲಿನ ಪೆಥಾಲಜಿ ವಿಭಾಗದ ಮುಖ್ಯಸ್ಥೆ. ಹೊರಗಿನ ಕಾಗೆಗಳ ಜೊತೆ ಈಗ ಮೃಗಾಲಯದ ಫ್ಲೆಮಿಂಗೊಗಳೂ ಸಾಯುತ್ತಿದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಕ್ಕಿಗಳ ಮಿದುಳಿನಲ್ಲಿ ಊತ, ರಕ್ತಸ್ರಾವ. ಅವರ ಲೆಕ್ಕ ತುಂಬ ಸರಳ. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳ ಮೈಯಲ್ಲಿ ಇರುತ್ತದೆ, ನಿಜ. ಆದರೆ ಅವುಗಳನ್ನು ಕೊಲ್ಲುವುದಿಲ್ಲ. ಇಲ್ಲಿ ಹಕ್ಕಿಗಳು ಸಾಯುತ್ತಿವೆ. ಹಾಗಾದರೆ ಕುದುರೆಗಳಿಗೆ ಬರುವ ಇನ್ನೊಂದು ಮಿದುಳು ಜ್ವರ ಇರಬಹುದಾ? ಅದು ಬಂದರೆ ಎಮು ಹಕ್ಕಿಗಳು ಉಳಿಯುವುದಿಲ್ಲ. ಮೃಗಾಲಯದ ಎಮುಗಳೋ, ಏನೂ ಆಗದವರಂತೆ ಓಡಾಡಿಕೊಂಡಿದ್ದವು.

ಆರಾಮಾಗಿ ಓಡಾಡುತ್ತಿದ್ದ ಆ ಎಮುಗಳು ನನಗೆ ಬಹಳ ಇಷ್ಟ. ದೊಡ್ಡ ಲ್ಯಾಬ್‌ಗಳ ಕಣ್ಣಿಗೆ ಬೀಳದ ಪುರಾವೆ ಬೇಲಿಯ ಒಳಗೆ ಮೇಯುತ್ತಾ ನಿಂತಿತ್ತು.

ಎರಡೂ ಅಲ್ಲ ಅಂದಮೇಲೆ ಮೂರನೆಯದು ಏನೋ ಇದೆ. ಮೆಕ್‌ನಮಾರಾ ಫೋನ್ ಮೇಲೆ ಫೋನ್ ಮಾಡಿದರು. ಮನುಷ್ಯರ ಕಾಯಿಲೆ ನೋಡುವವರಿಗೆ ಹಕ್ಕಿಗಳ ಸಾವು ಬೇರೆಯದೇ ವಿಷಯವಾಗಿ ಕಂಡಿತು. ಕೊನೆಗೆ ಅವರು ಅಯೋವಾದ ಪಶುರೋಗ ಲ್ಯಾಬ್‌ಗೂ, ಸೇನೆಯ ಒಂದು ಲ್ಯಾಬ್‌ಗೂ ಸ್ಯಾಂಪಲ್ ದಾಟಿಸಿದರು. ಸೆಪ್ಟೆಂಬರ್ ಕೊನೆಗೆ ಉತ್ತರ ಬಂತು. ವೆಸ್ಟ್ ನೈಲ್ ವೈರಸ್. 1937ರಲ್ಲಿ ಉಗಾಂಡಾದಲ್ಲಿ ಮೊದಲು ಸಿಕ್ಕಿದ್ದು, ಅಮೆರಿಕ ಖಂಡಗಳಲ್ಲಿ ಅದುವರೆಗೆ ಕಂಡೇ ಇರಲಿಲ್ಲ. ಆ ವರ್ಷ 62 ಜನರಿಗೆ ಕಾಯಿಲೆ ಜೋರಾಯಿತು, 7 ಜನ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ವೈರಸ್ ಇಡೀ ದೇಶಕ್ಕೆ ಹಬ್ಬಿತು.

ಈ ಕಥೆಯಲ್ಲಿ ಯಾರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಎರಡೂ ಕಡೆ ಒಳ್ಳೆಯ ಕೆಲಸಗಾರರೇ. ಒಬ್ಬರ ಮೇಜಿನ ಮೇಲೆ ಇದ್ದ ಸುದ್ದಿ ಇನ್ನೊಬ್ಬರ ಮೇಜಿಗೆ ಹೋಗುವ ದಾರಿ ಇರಲಿಲ್ಲ, ಅಷ್ಟೇ. ಇವತ್ತು ನಾನು ಹೇಳುವುದೆಲ್ಲ ಈ ದಾರಿಯ ಬಗ್ಗೆಯೇ. ಮೊದಲು ಕಾಣುವವರು ಒಬ್ಬರು, ದುಡ್ಡು ಹಾಕಬೇಕಾದವರು ಇನ್ನೊಬ್ಬರು, ಲಾಭ ಸಿಗುವುದು ಮತ್ತೊಬ್ಬರಿಗೆ. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನೂ ಒಂದಾಗಿ ನೋಡುವುದಕ್ಕೆ ನಾವು ಒನ್ ಹೆಲ್ತ್ ಅನ್ನುತ್ತೇವೆ. ಅದರ ಕಷ್ಟವೆಲ್ಲ ಇಲ್ಲೇ ಇದೆ. ವಿಜ್ಞಾನದ ಕಷ್ಟ ಅದಕ್ಕಿಂತ ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ಇತಿಹಾಸವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಕಾಯಿಲೆಗೆ ಝೂನೋಸಿಸ್ ಎಂದು ಹೆಸರಿಟ್ಟವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ. 19ನೇ ಶತಮಾನದಲ್ಲೇ. ನಮಗೆ ಗೊತ್ತಿರುವ ಸೋಂಕು ರೋಗಗಳಲ್ಲಿ ನೂರಕ್ಕೆ ಸುಮಾರು 60 ಈ ಜಾತಿಯವು. ಹೊಸದಾಗಿ ತಲೆ ಎತ್ತುವ ರೋಗಗಳಲ್ಲಿ ನೂರಕ್ಕೆ ಸುಮಾರು 75. ಒನ್ ಹೆಲ್ತ್ ಎಂಬ ಮಾತು 2004ರ ನಂತರ ಜೋರಾಯಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮೂರೂ ಕೈ ಜೋಡಿಸಿದವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಗುಂಪಿಗೆ ಸೇರಿದ್ದು 2022ರಲ್ಲಿ. ಹನ್ನೆರಡು ವರ್ಷ ತಡ. ಪರಿಸರ ಯಾವಾಗಲೂ ಹೀಗೆ, ಮದುವೆ ಮುಗಿದ ಮೇಲೆ ಕರೆ ಬರುವ ನೆಂಟ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಮಲೇಷ್ಯಾ. 1998ರ ಸೆಪ್ಟೆಂಬರ್. ಇಪೋ ನಗರದ ಹತ್ತಿರದ ಹಂದಿ ಸಾಕಣೆಯವರಲ್ಲಿ ಮಿದುಳು ಜ್ವರ ಕಾಣಿಸಿತು. ಆ ಭಾಗದಲ್ಲಿ ಮಿದುಳು ಜ್ವರ ಮತ್ತು ಹಂದಿ ಒಟ್ಟಿಗೆ ಬಂದರೆ ಮೊದಲು ನೆನಪಾಗುವುದು ಜಪಾನೀಸ್ ಎನ್ಸೆಫಲೈಟಿಸ್. ಹಂದಿಯಲ್ಲಿ ಬೆಳೆಯುವ ವೈರಸ್, ಸೊಳ್ಳೆಯಿಂದ ಹರಡುತ್ತದೆ. ಕೆಲವು ರೋಗಿಗಳ ರಕ್ತದಲ್ಲಿ ಅದರ ಗುರುತೂ ಸಿಕ್ಕಿತು. ಸರಿ, ಫಾಗಿಂಗ್ ಮಾಡಿದರು. ಜನರಿಗೆ ಲಸಿಕೆ ಹಾಕಿದರು. ಕಾಯಿಲೆ ನಿಲ್ಲಲಿಲ್ಲ.

ನೀವೇ ಒಂದು ಕ್ಷಣ ಆ ದೊಡ್ಡಿಯ ಬಾಗಿಲಲ್ಲಿ ನಿಂತು ನೋಡಿ. ಜಪಾನೀಸ್ ಎನ್ಸೆಫಲೈಟಿಸ್ ಹೆಚ್ಚಾಗಿ ಮಕ್ಕಳನ್ನು ಹಿಡಿಯುತ್ತದೆ. ಇಲ್ಲಿ ಮಲಗಿದವರು ಗಟ್ಟಿಮುಟ್ಟಾದ ಗಂಡಸರು. ಹಂದಿಗಳನ್ನು ಎತ್ತಿ ಇಳಿಸುವವರು, ದೊಡ್ಡಿ ತೊಳೆಯುವವರು. ಲಸಿಕೆ ಹಾಕಿಸಿಕೊಂಡವರೂ ಮಲಗುತ್ತಿದ್ದರು. ಸೊಳ್ಳೆ ಧರ್ಮ ನೋಡಿ ಕಚ್ಚುವುದಿಲ್ಲ, ಅಲ್ವಾ? ಆದರೂ ಹಂದಿ ಮುಟ್ಟದ ಅಕ್ಕಪಕ್ಕದ ಮುಸ್ಲಿಂ ಮನೆಗಳಲ್ಲಿ ಕಾಯಿಲೆ ಹೆಚ್ಚುಕಡಿಮೆ ಇರಲೇ ಇಲ್ಲ. ಮುಖ್ಯವಾಗಿ, ಹಂದಿಗಳೇ ಕೆಮ್ಮುತ್ತಿದ್ದವು. ನಾಯಿ ಬೊಗಳಿದ ಹಾಗೆ, ಬಹಳ ದೂರದವರೆಗೆ ಕೇಳುವ ಕೆಮ್ಮು. ಜಪಾನೀಸ್ ಎನ್ಸೆಫಲೈಟಿಸ್ ಬಂದ ಹಂದಿ ಹಾಗೆ ಕೆಮ್ಮುವುದಿಲ್ಲ. ಈ ಎಲ್ಲ ಸುಳಿವುಗಳೂ ದೊಡ್ಡಿಯಲ್ಲಿ ಇದ್ದವು. ಫೈಲಿನಲ್ಲಿ ಮಾತ್ರ ಸೊಳ್ಳೆ ಇತ್ತು.

ಹೆದರಿದ ರೈತರು ಹಂದಿಗಳನ್ನು ಮಾರಿದರು. ಮಾರಿದ ಹಂದಿಗಳ ಜೊತೆ ರೋಗ ದಕ್ಷಿಣಕ್ಕೆ, ನೆಗೆರಿ ಸೆಂಬಿಲಾನ್ ಪ್ರಾಂತ್ಯಕ್ಕೆ ಹೋಯಿತು. ಅಲ್ಲಿಂದ ಸಿಂಗಪುರದ ಕಸಾಯಿಖಾನೆಗೂ ತಲುಪಿತು. 1999ರ ಮಾರ್ಚ್‌ನಲ್ಲಿ ಮಲಯ ವಿಶ್ವವಿದ್ಯಾಲಯದ ಚುವಾ ಕಾ ಬಿಂಗ್ ಎಂಬ ಯುವ ವೈರಸ್ ತಜ್ಞ ರೋಗಿಯೊಬ್ಬರ ಸ್ಯಾಂಪಲ್‌ನಿಂದ ಬೇರೆಯದೇ ವೈರಸ್ ಬೆಳೆಸಿದರು. ಅದನ್ನು ಅಮೆರಿಕಕ್ಕೆ ಒಯ್ದು ಅಲ್ಲಿಯ ಲ್ಯಾಬಿನಲ್ಲಿ ನೋಡಿದಾಗ ಹೊಸ ವೈರಸ್ ಎಂದು ಖಚಿತವಾಯಿತು. ಸುಂಗೈ ನಿಪಾ ಎಂಬ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಮಲೇಷ್ಯಾದಲ್ಲಿ 265 ಜನರಿಗೆ ಬಂದು 105 ಜನ ಸತ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದರು.

ವೈರಸ್ ಹಂದಿಗೆ ಬಂದಿದ್ದು ಎಲ್ಲಿಂದ? ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಂದ. ದೊಡ್ಡಿಯ ಪಕ್ಕದಲ್ಲೇ ಮಾವು ಮುಂತಾದ ಹಣ್ಣಿನ ಮರಗಳಿದ್ದವು. ಒಂದೇ ಜಾಗದಿಂದ ಎರಡು ಆದಾಯ, ರೈತನ ಲೆಕ್ಕ ಸರಿಯಾಗಿಯೇ ಇತ್ತು. ಬಾವಲಿ ಕಚ್ಚಿ ಬಿಟ್ಟ ಹಣ್ಣು ದೊಡ್ಡಿಗೆ ಬೀಳುತ್ತದೆ, ಹಂದಿ ತಿನ್ನುತ್ತದೆ. ಆಮೇಲೆ ಮಲೇಷ್ಯಾದಲ್ಲಿ ಹಣ್ಣಿನ ಮರಗಳನ್ನು ಹಂದಿದೊಡ್ಡಿಯಿಂದ ದೂರ ಇಡುವ ನಿಯಮ ಬಂತು. ನೋಡಿ, 105 ಜೀವ ತೆಗೆದ ರೋಗಕ್ಕೆ ಸಿಕ್ಕ ಒಳ್ಳೆಯ ಮದ್ದುಗಳಲ್ಲಿ ಒಂದು ತೋಟಗಾರಿಕೆಯ ಸಲಹೆ! ಆಸ್ಪತ್ರೆಯೊಳಗೆ ಕೂತು ಯೋಚಿಸಿದ್ದರೆ ಅದು ಯಾರಿಗೂ ಹೊಳೆಯುತ್ತಿರಲಿಲ್ಲ. ಬಾಂಗ್ಲಾದೇಶದಲ್ಲಿ ಅದೇ ನಿಪಾ ಬಂದ ದಾರಿ ಬೇರೆ. ಅಲ್ಲಿ ಖರ್ಜೂರ ಜಾತಿಯ ಮರದಿಂದ ರಾತ್ರಿ ಇಳಿಸುವ ಹಸಿ ರಸವನ್ನು ಬಾವಲಿಗಳೂ ನೆಕ್ಕುತ್ತವೆ. ಮರದ ಗಾಯಕ್ಕೆ ಬಿದಿರಿನ ತಡಿಕೆ ಕಟ್ಟಿದರೆ ಬಾವಲಿಗೆ ಎಟುಕುವುದಿಲ್ಲ. ಬಿದಿರಿನ ತಡಿಕೆ ಯಾವ ಇಲಾಖೆಗೆ ಸೇರುತ್ತದೆ? ಯಾವುದಕ್ಕೂ ಇಲ್ಲ. ಅದಕ್ಕೇ ಅದಕ್ಕೆ ಬಜೆಟ್ ಹುಡುಕುವುದು ಕಷ್ಟ.

ಮೊದಲು ಕಾಣುವವರ ಬಗ್ಗೆ ಇನ್ನಷ್ಟು ಹೇಳಬೇಕು. 2006ರ ಕೊನೆಗೆ ಪೂರ್ವ ಆಫ್ರಿಕದಲ್ಲಿ ರಿಫ್ಟ್ ವ್ಯಾಲಿ ಜ್ವರ ಬಂತು. ಸೊಳ್ಳೆಯಿಂದ ಕುರಿ ದನಗಳಿಗೆ ಬಂದು ಮನುಷ್ಯರಿಗೂ ದಾಟುವ ರೋಗ. ವಿಜ್ಞಾನದ ದೃಷ್ಟಿಯಿಂದ ಅದು ಹೆಮ್ಮೆಯ ಕಥೆ. ಸಮುದ್ರದ ನೀರಿನ ಬಿಸಿ, ಮಳೆ, ಉಪಗ್ರಹದಿಂದ ಕಾಣುವ ಹಸಿರು ಇವನ್ನೆಲ್ಲ ಕೂಡಿಸಿ, ರೋಗ ಬರುವ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಎಚ್ಚರಿಕೆ ನಿಜವೂ ಆಯಿತು. ಈಗ ಕೀನ್ಯಾದ ಈಶಾನ್ಯ ಭಾಗದ ಸೊಮಾಲಿ ದನಗಾಹಿಗಳ ಕಡೆಯಿಂದ ನೋಡಿ. ಅವರ ಭಾಷೆಯಲ್ಲಿ ಈ ರೋಗಕ್ಕೆ ಹೆಸರೇ ಇದೆ, ಸ್ಯಾಂಡಿಕ್. ಮೂಗಿನಿಂದ ರಕ್ತ ಸುರಿಯುವ ರೋಗ. ಜೋರು ಮಳೆ ಬಂತು, ಸೊಳ್ಳೆ ಮುತ್ತಿತು, ಕುರಿಗಳು ಕಂದು ಹಾಕತೊಡಗಿದವು, ಮರಿಗಳು ಸತ್ತವು. ಅವರಿಗೆ ಇಷ್ಟು ಸಾಕಿತ್ತು. ಆಮೇಲೆ ಸಂಶೋಧಕರು ಹಳ್ಳಿ ಹಳ್ಳಿಗೆ ಹೋಗಿ ಕೇಳಿದಾಗ ಗೊತ್ತಾದದ್ದು ಏನೆಂದರೆ, ಮೊದಲ ಕುರಿಗೆ ರೋಗ ಬಂದದ್ದನ್ನು ದನಗಾಹಿಗಳು ಕಂಡ ದಿನದಿಂದ ವೈದ್ಯಕೀಯ ನೆರವು ಬರಲು ಸರಾಸರಿ ಎರಡು ತಿಂಗಳು ಹಿಡಿದಿತ್ತು. ಪಶುವೈದ್ಯಕೀಯ ನೆರವು ಅದಕ್ಕಿಂತ ಸ್ವಲ್ಪ ಇನ್ನೂ ತಡ.

ಮೇಲೆ ಉಪಗ್ರಹಕ್ಕೆ ಗೊತ್ತಿತ್ತು. ಕೆಳಗೆ ಕುರುಬನಿಗೆ ಗೊತ್ತಿತ್ತು. ನಡುವೆ ಇದ್ದವರಿಗೆ ಗೊತ್ತಾಗಲು ಎರಡು ತಿಂಗಳು.

ಹಾಗೆಯೇ, ನೀವೆಲ್ಲ ಕೇಳಿರುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿತು. ವಿಜ್ಞಾನಿಗಳಿಗೆ ಮೊದಲು ಬಂದದ್ದು ಹಳದಿ ಜ್ವರದ ಅನುಮಾನ. ಆಮೇಲೆ ಹೊಸ ವೈರಸ್ ಸಿಕ್ಕಿತು, ಅದನ್ನು ಹೊತ್ತು ತಿರುಗುವುದು ಉಣ್ಣೆ ಅಂತಲೂ ತಿಳಿಯಿತು. ಜನ ಇಟ್ಟ ಹೆಸರು ಮಂಗಕ್ಕೆ ಅನ್ಯಾಯ ಮಾಡಿದೆ. ಪಾಪ, ಮಂಗವೂ ನಮ್ಮ ಹಾಗೆ ರೋಗಕ್ಕೆ ಸಿಕ್ಕಿದ್ದೇ. ಆದರೆ ಆ ಹೆಸರಿನಲ್ಲಿ ಒಂದು ಎಚ್ಚರಿಕೆ ಅಡಗಿದೆ, ಮಂಗ ಸತ್ತರೆ ಹುಷಾರು ಅಂತ.

ಸತ್ತ ಮಂಗನ ಹತ್ತಿರ ಆಗುವುದನ್ನು ಸ್ವಲ್ಪ ಗಮನಿಸಿ. ಮೈ ತಣ್ಣಗಾಗುತ್ತಿದ್ದಂತೆ ಉಣ್ಣೆಗಳು ಇಳಿಯುತ್ತವೆ. ಸುತ್ತಲ ತರಗೆಲೆಯಲ್ಲಿ ಬೇರೆ ಬಿಸಿ ಮೈಗಾಗಿ ಕಾಯುತ್ತವೆ. ಸೌದೆಗೋ ಸೊಪ್ಪಿಗೋ ಬಂದವರು ಅಲ್ಲಿ ಕೂತರೆ ಮುಗೀತು. ಮಂಗ ಸತ್ತಿದ್ದು ಮೊದಲು ಕಾಣುವುದು ಅರಣ್ಯ ರಕ್ಷಕನಿಗೆ ಅಥವಾ ಕಾಡಿಗೆ ಹೋದವರಿಗೆ. ಪೋಸ್ಟ್‌ಮಾರ್ಟಂ ಮಾಡುವುದು ಪಶುವೈದ್ಯರು. ವೈರಸ್ ಹೌದೋ ಅಲ್ಲವೋ ಹೇಳುವುದು ಲ್ಯಾಬ್. ಆ ಜಾಗಕ್ಕೆ ಹೋಗಬೇಡಿ ಎಂದು ಸಾರುವುದು, ಮೈಗೆ ಹಚ್ಚುವ ಎಣ್ಣೆ ಹಂಚುವುದು ಆರೋಗ್ಯ ಇಲಾಖೆ. ಬೆಳೆದ ಉಣ್ಣೆಗಳು ಕಾಡಿನಲ್ಲಿ ಮೇಯುವ ದನಗಳ ರಕ್ತ ಕುಡಿದು ಮೊಟ್ಟೆ ಇಡುತ್ತವೆ, ಅಂದರೆ ದನಗಳ ಮೈ ನೋಡುವವರೂ ಬೇಕು. ಒಂದು ಮಂಗನ ಹೆಣದ ಸುತ್ತ ನಾಲ್ಕು ಕಚೇರಿ. ಇವರಲ್ಲಿ ಒಬ್ಬರು ಪತ್ರ ಬರೆದು ಉತ್ತರಕ್ಕೆ ಕಾದರೂ ಸಾಕು, ಉಣ್ಣೆ ಮಾತ್ರ ಕಾಯುವುದಿಲ್ಲ.

ಈಗ ದುಡ್ಡಿನ ಮಾತು. ಸಭೆಗಳಲ್ಲಿ ಇದನ್ನು ಎತ್ತಿದರೆ ಎಲ್ಲರೂ ವಾಚ್ ನೋಡಿಕೊಳ್ಳುತ್ತಾರೆ. ಆದರೂ ಎತ್ತಲೇಬೇಕು.

ರೇಬೀಸ್ ತೆಗೆದುಕೊಳ್ಳಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಎಂಬುದು ಒಪ್ಪಿತ ಅಂದಾಜು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ನಾಯಿಯಿಂದ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಹಾಕುತ್ತಾ ಬಂದರೆ ನಾಯಿಗಳ ನಡುವೆ ರೋಗ ಓಡಾಡುವುದು ನಿಲ್ಲುತ್ತದೆ. ಲಸಿಕೆ ಇದೆ, ವಿಧಾನ ಗೊತ್ತಿದೆ. ಮತ್ತೆ ಯಾಕೆ ಆಗುತ್ತಿಲ್ಲ? ನಾಯಿಗೆ ಲಸಿಕೆ ಹಾಕುವ ಖರ್ಚು ಒಂದು ಕಚೇರಿಯ ಲೆಕ್ಕದಲ್ಲಿ, ಕಚ್ಚಿಸಿಕೊಂಡವರಿಗೆ ಲಸಿಕೆ ಹಾಕುವ ಖರ್ಚು ಇನ್ನೊಂದು ಕಚೇರಿಯ ಲೆಕ್ಕದಲ್ಲಿ. ಮೊದಲಿನವರು ಚೆನ್ನಾಗಿ ಕೆಲಸ ಮಾಡಿದರೆ ಉಳಿತಾಯ ಆಗುವುದು ಎರಡನೆಯವರಿಗೆ. ಪಕ್ಕದವನ ಬಾವಿಗೆ ನಾನು ಯಾಕೆ ಹಗ್ಗ ತರಲಿ ಎಂಬ ಕಥೆ. ಹಾಲಿಗೆ, ಮಾಂಸಕ್ಕೆ ನಷ್ಟ ತರುವ ರೋಗವಾಗಿದ್ದರೆ ಪಶು ಇಲಾಖೆ ತಾನಾಗಿ ಓಡುತ್ತಿತ್ತು. ಬೀದಿ ನಾಯಿ ಯಾರ ಆಸ್ತಿ?

ಮಂಗೋಲಿಯಾದಲ್ಲಿ ಬ್ರೂಸೆಲ್ಲೋಸಿಸ್ ಬಗ್ಗೆ ಒಂದು ಲೆಕ್ಕ ಹಾಕಿದ್ದರು, 2003ರಲ್ಲಿ ಪ್ರಕಟವಾಯಿತು. ದನ ಕುರಿಗಳು ಕಂದು ಹಾಕುವ ರೋಗ ಇದು, ಮನುಷ್ಯರಿಗೆ ಬಂದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಜಾನುವಾರುಗಳಿಗೆಲ್ಲ ಲಸಿಕೆ ಹಾಕುವ ಪೂರ್ತಿ ಖರ್ಚನ್ನು ಆರೋಗ್ಯ ಇಲಾಖೆ ಒಂದೇ ಹೊತ್ತುಕೊಂಡರೆ ಅದಕ್ಕೆ ನಷ್ಟ. ಆದರೆ ಮನುಷ್ಯರ ಆಸ್ಪತ್ರೆ ಖರ್ಚು, ಕಳೆದುಹೋದ ದುಡಿಮೆ, ಜಾನುವಾರುಗಳ ಉತ್ಪನ್ನ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ? ಹಾಕಿದ್ದರ ಮೂರು ಪಟ್ಟಿಗಿಂತ ಜಾಸ್ತಿ ವಾಪಸ್. ರೋಗ ಅದೇ, ಲಸಿಕೆ ಅದೇ, ದೇಶ ಅದೇ. ಬದಲಾಗಿದ್ದು ಹಾಳೆ ಮಾತ್ರ. ನನ್ನ ಮಟ್ಟಿಗೆ ಒನ್ ಹೆಲ್ತ್‌ನ ಅತಿ ಮುಖ್ಯ ಸಾಧನ ಮೈಕ್ರೋಸ್ಕೋಪ್ ಅಲ್ಲ, ಆ ಹಾಳೆ. ಸಭೆಯಲ್ಲಿ ಹೀಗೆ ಹೇಳಿದಾಗ ಲ್ಯಾಬ್‌ನವರು ಸ್ವಲ್ಪ ಮುಖ ಸಿಂಡರಿಸಿದರು. ಇರಲಿ.

ಕೂಡಿ ಕೆಲಸ ಮಾಡುವುದು ಅಂದರೆ ಹೀಗಿರಬೇಕು ಅನ್ನಿಸುವ ಒಂದು ಉದಾಹರಣೆ ಆಫ್ರಿಕದ ಚಾಡ್ ದೇಶದ್ದು. ಅಲೆಮಾರಿ ದನಗಾಹಿಗಳ ನಡುವೆ ವೈದ್ಯರು, ಪಶುವೈದ್ಯರು ಒಟ್ಟಿಗೆ ಸಮೀಕ್ಷೆಗೆ ಹೋದರು. ದನಗಳಿಗೆ ಲಸಿಕೆ ಆಗಿತ್ತು. ಮಕ್ಕಳಲ್ಲಿ ಪೂರ್ತಿ ಲಸಿಕೆ ಆದ ಒಂದು ಮಗುವೂ ಸಿಗಲಿಲ್ಲ. ತಂದೆತಾಯಿಗೆ ಮಕ್ಕಳ ಮೇಲೆ ಅಕ್ಕರೆ ಇಲ್ಲ ಅಂತಲ್ಲ. ಪಶುವೈದ್ಯರ ತಂಡ ದನ ಇರುವಲ್ಲಿಗೆ ಹೋಗುತ್ತಿತ್ತು. ಮಕ್ಕಳ ಲಸಿಕೆ ಮಾತ್ರ ಊರಿನ ಆರೋಗ್ಯ ಕೇಂದ್ರದಲ್ಲಿ ಕೂತು ಕಾಯುತ್ತಿತ್ತು. ಆಮೇಲೆ ಏನು ಮಾಡಿದರು ಗೊತ್ತಾ? ಒಂದೇ ಗಾಡಿಯಲ್ಲಿ ಎರಡೂ ತಂಡ ಹತ್ತಿಸಿದರು. ಲಸಿಕೆಯನ್ನು ತಂಪಾಗಿ ಇಡುವ ಪೆಟ್ಟಿಗೆ, ಡೀಸೆಲ್ ಎಲ್ಲ ಹಂಚಿಕೊಂಡರು. ದನಕ್ಕೂ ಹಾಕಿದರು, ಮಕ್ಕಳಿಗೂ ಹಾಕಿದರು. ಖರ್ಚೂ ಕಡಿಮೆಯಾಯಿತು.

ಪರಿಸರದ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಸಮನ್ವಯ ಸಭೆಗಳಲ್ಲಿ ಮೂರನೇ ಕುರ್ಚಿ ಖಾಲಿ ಇರುವುದೇ ಹೆಚ್ಚು. ಅದು ಖಾಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಹೆಂಡ್ರಾ ವೈರಸ್ ಸಾಕ್ಷಿ. 1994ರಲ್ಲಿ ಬ್ರಿಸ್ಬೇನ್‌ನ ಹೆಂಡ್ರಾ ಬಡಾವಣೆಯ ಒಂದು ಕುದುರೆ ಲಾಯದಲ್ಲಿ ಇದು ಮೊದಲು ಕಂಡಿತು. ಕುದುರೆಗಳು ಸತ್ತವು, ಅವುಗಳ ತರಬೇತುದಾರನೂ ಸತ್ತ. ಮೂಲ ಇಲ್ಲೂ ಬಾವಲಿಯೇ. 2012ರಲ್ಲಿ ಕುದುರೆಗೆ ಲಸಿಕೆ ಬಂತು. ಒಳ್ಳೆಯದೇ. ಆದರೆ ಬಾವಲಿಗಳು ಕುದುರೆ ಲಾಯದ ಹತ್ತಿರ ಬಂದದ್ದಾದರೂ ಯಾಕೆ? 25 ವರ್ಷಗಳ ದಾಖಲೆ ಕೂಡಿಸಿ 2022ರಲ್ಲಿ ಸಂಶೋಧಕರು ಉತ್ತರ ಹೇಳಿದರು. ಚಳಿಗಾಲದಲ್ಲಿ ಹೂ ಬಿಡುವ ಮರಗಳ ಕಾಡನ್ನು ಕಡಿದಿದ್ದರು. ಎಲ್ ನಿನೊ, ಅಂದರೆ ಶಾಂತಸಾಗರದ ನೀರು ಬಿಸಿಯೇರಿ ಹವಾಮಾನ ಏರುಪೇರಾಗುವ ವರ್ಷದ ನಂತರ ಮಕರಂದದ ಬರ ಬರುತ್ತದೆ. ಹಸಿದ ಬಾವಲಿಗಳು ದೊಡ್ಡ ಗುಂಪು ಒಡೆದು, ಚಿಕ್ಕ ಚಿಕ್ಕ ಗುಂಪುಗಳಾಗಿ ಊರಿನ, ಹುಲ್ಲುಗಾವಲಿನ ಮರಗಳಿಗೆ ಬಂದು ಸೇರುತ್ತವೆ. ಅಂಥ ಕಾಲದಲ್ಲೇ ಅವು ವೈರಸ್ ಹೊರಹಾಕುವುದೂ ಜಾಸ್ತಿ. ಉಳಿದ ಕಾಡಿನ ತುಣುಕು ಯಾವ ಚಳಿಗಾಲದಲ್ಲಿ ಚೆನ್ನಾಗಿ ಹೂ ಬಿಟ್ಟಿತೋ, ಆಗ ಬಾವಲಿಗಳು ಅಲ್ಲಿಗೆ ಹಾರಿಹೋದವು. ಕುದುರೆಗಳಿಗೆ ರೋಗ ಬರಲಿಲ್ಲ.

ಹೂ ಬಿಡುವ ಮರ ರೋಗ ತಡೆಯುತ್ತದೆ ಎಂದರೆ ಕವಿಮಾತು ಅನ್ನಿಸಬಹುದು. ಇದು ಅಂಕಿಅಂಶದ ಮಾತು. ಹಾಗಾದರೆ ಆ ಮರ ನೆಡುವ ಕೆಲಸ ಯಾರದು? ಆರೋಗ್ಯ ಇಲಾಖೆಯ ಬಜೆಟ್‌ನಲ್ಲಿ ಮರ ಎಂಬ ಸಾಲೇ ಇರುವುದಿಲ್ಲವಲ್ಲ.

ಇನ್ನೊಂದು, ಸ್ವಲ್ಪ ಪಕ್ಕದ ಕಥೆ. ಇದರಲ್ಲಿ ವೈರಸ್ ಇಲ್ಲ, ಔಷಧ ಇದೆ. 1990ರ ದಶಕದಿಂದ ಭಾರತದಲ್ಲಿ ರಣಹದ್ದುಗಳು ಹೇಳಹೆಸರಿಲ್ಲದಂತೆ ಕಡಿಮೆಯಾದವು. ಕೆಲವು ಜಾತಿಗಳು ನೂರಕ್ಕೆ 95ಕ್ಕಿಂತ ಹೆಚ್ಚು. ನೋವು ಕಡಿಮೆ ಮಾಡಲು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಕಾರಣ. ಆ ಔಷಧ ಉಳಿದ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಹದ್ದು ಹೋದ ಮೇಲೆ ಹೆಣಗಳು ನಾಯಿಗಳ ಪಾಲಾದವು. ನಾಯಿ ಅಂದಕೂಡಲೇ ರೇಬೀಸ್ ನೆನಪಾಗಬೇಕು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿ ಔಷಧದ ಅಂಗಡಿಯಲ್ಲಿ ಇದ್ದೇ ಇತ್ತು, ಅದೇ ದನಗಳ ಮೈಗೆ ಹೋಗುತ್ತಿತ್ತು. ಮನುಷ್ಯರ ಇಂಜೆಕ್ಷನ್ ಬಾಟಲಿ 3 ಮಿಲಿಲೀಟರ್ ಮೀರಬಾರದು ಎಂಬ ನಿಯಮ ಬರಲು 2015 ಆಗಬೇಕಾಯಿತು. ಒಂದು ಬಾಗಿಲು ಮುಚ್ಚಿ ಪಕ್ಕದ ಬಾಗಿಲು ತೆರೆದೇ ಇಟ್ಟ ಒಂಬತ್ತು ವರ್ಷ. ಪಶು ಔಷಧ ನೋಡುವವರು, ಮನುಷ್ಯರ ಔಷಧ ನೋಡುವವರು, ಹಕ್ಕಿ ನೋಡುವವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತಿದ್ದರೆ ಮೊದಲ ದಿನವೇ ಯಾರಾದರೂ ಕೇಳುತ್ತಿದ್ದರು, ಆ ದೊಡ್ಡ ಬಾಟಲಿ ಗತಿ ಏನ್ರೀ ಅಂತ.

ಒಟ್ಟಿಗೆ ಕೂರುವುದು ಎಂದೆ. ಸುಮ್ನೆ ಕೂತರೆ ಆಗುವುದಿಲ್ಲ ಎಂಬುದಕ್ಕೆ ನೆದರ್ಲೆಂಡ್ಸ್ ಇದೆ. ಅಲ್ಲಿ 2005ರ ಸುಮಾರಿಗೆ ಹಾಲಿನ ಮೇಕೆ ಸಾಕುವ ದೊಡ್ಡ ಫಾರಂಗಳಲ್ಲಿ ಮೇಕೆಗಳು ಗುಂಪುಗುಂಪಾಗಿ ಕಂದು ಹಾಕಿದವು. ಕ್ಯೂ ಜ್ವರದ ಬ್ಯಾಕ್ಟೀರಿಯಾ. ಗಾಳಿಯ ಧೂಳಿನಲ್ಲಿ ಮನುಷ್ಯರಿಗೂ ಬರುತ್ತದೆ, ನ್ಯುಮೋನಿಯಾ ತರಬಲ್ಲದು. 2007ರಲ್ಲಿ ಹೆರ್ಪೆನ್ ಎಂಬ ಹಳ್ಳಿಯಲ್ಲಿ ನ್ಯುಮೋನಿಯಾ ಜಾಸ್ತಿಯಾಗಿದೆ ಎಂದು ಅಲ್ಲಿನ ವೈದ್ಯರು ಗುರುತಿಸಿದರು. ಎರಡು ಕಡೆಯ ಸುದ್ದಿಯೂ ಇತ್ತು. ಆದರೆ ಯಾವ ಫಾರಂನಲ್ಲಿ ರೋಗ ಇದೆ ಎಂಬ ವಿಳಾಸ ಆರೋಗ್ಯದವರಿಗೆ ಸುಲಭವಾಗಿ ಸಿಗಲಿಲ್ಲ. ಮಾಲೀಕರ ಖಾಸಗಿ ಮಾಹಿತಿ ಎಂಬ ಅಡ್ಡಿ. ಆ ಅಡ್ಡಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹೆಸರು ಹೊರಬಿದ್ದರೆ ರೈತ ಮುಳುಗುತ್ತಾನೆ, ಮುಳುಗುತ್ತೇನೆ ಅಂತ ಗೊತ್ತಿದ್ದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಆದರೆ ವೈದ್ಯನಿಗೆ ತಿಳಿಸುವುದು ಬೇರೆ, ಪೇಪರಿನಲ್ಲಿ ಹಾಕುವುದು ಬೇರೆ. 2010ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ಬಂದದ್ದು ದಾಖಲಾಯಿತು. ಗಬ್ಬದ ಮೇಕೆಗಳನ್ನು ಸಾವಿರಗಟ್ಟಲೆ ಕೊಲ್ಲಬೇಕಾಯಿತು. ಆ ಪೆಟ್ಟು ತಿಂದ ಮೇಲೆ ಅವರು ಮಾಡಿಕೊಂಡ ವ್ಯವಸ್ಥೆ ಬಹಳ ಸಾದಾ. ಮನುಷ್ಯರ ರೋಗ ನೋಡುವವರೂ ಪ್ರಾಣಿಗಳ ರೋಗ ನೋಡುವವರೂ ತಿಂಗಳಿಗೊಮ್ಮೆ ತಪ್ಪದೆ ಸೇರುತ್ತಾರೆ. ಈ ತಿಂಗಳು ನಿಮ್ಮಲ್ಲಿ ಏನು ವಿಚಿತ್ರ ಕಂಡಿತು ಎಂದು ಪರಸ್ಪರ ಕೇಳುತ್ತಾರೆ. ರೋಗ ಇಲ್ಲದ ತಿಂಗಳಲ್ಲೂ ಸೇರುತ್ತಾರೆ, ಅದೇ ಮುಖ್ಯ. ಮುಖ ಪರಿಚಯ ಇದ್ದರೆ ರಾತ್ರಿ ಹತ್ತಕ್ಕೂ ಫೋನ್ ಮಾಡಬಹುದು. ಪರಿಚಯ ಇಲ್ಲದಿದ್ದರೆ ಮೇಲಧಿಕಾರಿಯ ಮೂಲಕ ಪತ್ರ ಹೋಗಬೇಕು.

ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ಒಬ್ಬ ಹಿರಿಯ ಅಧಿಕಾರಿಯದು. ‘ಎಲ್ಲ ಸರಿ, ಆದರೆ ಮುಖ್ಯಸ್ಥರು ಯಾರಾಗಬೇಕು? ಹೊಸ ಇಲಾಖೆಯೇ ಬೇಕಲ್ಲವೇ?’ ನನ್ನ ಉತ್ತರ, ಬೇಡ ಸರ್. ಹೊಸ ಇಲಾಖೆ ಮಾಡಿದರೆ ಮೂರು ಗೋಡೆಯ ಜೊತೆ ನಾಲ್ಕನೆಯದು ಏಳುತ್ತದೆ. ಈಗ ಇರುವವರೇ ಸಾಕು. ಯಾರು ಯಾರಿಗೆ, ಎಷ್ಟು ಗಂಟೆಯೊಳಗೆ ಹೇಳಬೇಕು ಎಂಬುದು ಬರಹದಲ್ಲಿ ಇರಲಿ. ಇಬ್ಬರಿಗೂ ಕೈ ಹಾಕಲು ಒಂದು ಸಣ್ಣ ಜಂಟಿ ನಿಧಿ ಇರಲಿ. ಲ್ಯಾಬ್ ಫಲಿತಾಂಶ ಸ್ಯಾಂಪಲ್ ಕಳಿಸಿದವರಿಗೂ ವಾಪಸ್ ಹೋಗಲಿ. ಕಳಿಸಿದ್ದು ಏನಾಯಿತು ಎಂದು ಗೊತ್ತಾಗದಿದ್ದರೆ ಮುಂದಿನ ಸಲ ಯಾರು ಕಳಿಸುತ್ತಾರೆ? ಅಧಿಕಾರಿಗಳು ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಎರಡನೆಯದು ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿಯದು. ‘ಸತ್ತ ಕಾಗೆಗೆಲ್ಲ ಓಡುತ್ತಾ ಹೋದರೆ ಸುಳ್ಳು ಗಾಬರಿಯೇ ಜಾಸ್ತಿ ಆಗಲ್ವಾ?’

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮತ್ತೆ ನ್ಯೂಯಾರ್ಕಿಗೇ ಹೋಗಬೇಕು. 1999ರ ಪೆಟ್ಟಿನ ನಂತರ, 2000ದಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಜನರಿಗೆ ಹೇಳಿತು, ಸತ್ತ ಹಕ್ಕಿ ಕಂಡರೆ ನಮಗೆ ಫೋನ್ ಮಾಡಿ. ಹಕ್ಕಿ ಇಲಾಖೆಗಲ್ಲ, ಆರೋಗ್ಯ ಇಲಾಖೆಗೆ. ಆ ಒಂದು ವರ್ಷದಲ್ಲಿ ಇಡೀ ನ್ಯೂಯಾರ್ಕ್ ರಾಜ್ಯದಿಂದ 70 ಸಾವಿರಕ್ಕೂ ಹೆಚ್ಚು ಹಕ್ಕಿಗಳ ಸುದ್ದಿ ಬಂತು. ಅಷ್ಟನ್ನೂ ಪರೀಕ್ಷೆ ಮಾಡಲು ಯಾರಿಂದಲೂ ಆಗದು, ಮಾಡಲೂ ಇಲ್ಲ. ಬಹುಪಾಲು ಹಕ್ಕಿಗಳು ಬೇರೆ ಯಾವುದೋ ಕಾರಣಕ್ಕೆ ಸತ್ತಿದ್ದಿರಬಹುದು. ಆದರೆ ಯಾವ ದಿನ, ಯಾವ ರಸ್ತೆಯಿಂದ ಫೋನ್ ಬಂತು ಎಂಬುದನ್ನು ಮ್ಯಾಪಿನ ಮೇಲೆ ಚುಕ್ಕೆ ಇಟ್ಟು ನೋಡಿದರು. ನಗರದ ಸ್ಟ್ಯಾಟನ್ ಐಲೆಂಡ್ ಭಾಗದಲ್ಲಿ ಸತ್ತ ಕಾಗೆಗಳ ಚುಕ್ಕೆ ದಟ್ಟವಾಗಿ ಕೂಡಿಕೊಂಡವು. ಆ ವರ್ಷ ನಗರದಲ್ಲಿ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಆಮೇಲೆ ಅಲ್ಲಿಂದಲೇ ಬಂದರು.